ಕಡೆಗೆ ಬಂದ ಮಾತು

ನಮ್ಮ ಮನೆಯವರಿಗೆ ಒಂದು ರೋಗವಿದೆ, ಅದಕ್ಕೆ ಹೈದರಾಬಾದಿನ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ. ಹೇಳಿದ ಕೆಲಸವನ್ನು ನಿಂತ ಕಾಲಲ್ಲೇ ಮುಗಿಸುತ್ತಾರೆ. ಮುಗಿಯಿತು ಎಂದು ಎಲ್ಲರಿಗೂ ಸಾರುತ್ತಾರೆ. ಸರಿಯಾಗಿ ಮಾಡಿದೆನೋ ಇಲ್ಲವೋ ಎಂದು ಯೋಚನೆ ಮಾಡುವುದು ಅದಾದ ಮೇಲೆ. ಶಿವಪ್ರಕಾಶ ಅಂತ ಹೆಸರು, ಬೇಗಂಪೇಟೆಯಲ್ಲಿ ಆಫೀಸು. ಅಲ್ಲಿ ಇವರ ಚುರುಕುತನಕ್ಕೆ ಬಹಳ ಮರ್ಯಾದೆಯಂತೆ, ಇರಲಿ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಕತ್ತರಿ ಹಾಕುವ ಮುಂಚೆ ಎರಡು ಸಲ ಅಳೆಯದಿದ್ದರೆ ಬಟ್ಟೆ ಹಾಳು ಎಂಬುದು ನನಗೆ ಗೊತ್ತಿರುವ ವಿದ್ಯೆ.

ಇವರ ಅಕ್ಕ ಗದಿಗೆಮ್ಮ ಹುಲಿಮರಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ತಾಂಡೂರಿನಿಂದ ಗಡಿ ದಾಟಿದರೆ ಚಿಂಚೋಳಿ ಕಡೆಯ ಕಾಡಂಚಿಗೆ ಇರುವ ಊರು ಅದು. ಅಕ್ಕನ ಬೆರಳ ಕೀಲುಗಳು ಬೆಳಗಾದರೆ ಬಾತು, ಸೌಟು ಹಿಡಿಯಲೂ ಆಗದೆ ಒದ್ದಾಡುತ್ತಿದ್ದಳು. ಬೈದು ಬೈದು ಹೈದರಾಬಾದಿಗೆ ಕರೆಸಿ, ನಾಂಪಲ್ಲಿಯ ಒಬ್ಬ ಡಾಕ್ಟರಿಗೆ ತೋರಿಸಿದೆವು. ರಕ್ತ ಕೊಟ್ಟವಳೇ ಗಿರಣಿ ಯಾರು ನೋಡುತ್ತಾರೆ ಎಂದು ಊರ ದಾರಿ ಹಿಡಿದಳು. ರಿಪೋರ್ಟು ಬಂದ ದಿನ ನಾವಿಬ್ಬರೇ ಹೋದೆವು.

ಡಾಕ್ಟರು ಎರಡು ಗುಳಿಗೆ ಬರೆದರು. ಹಳದಿ ಗುಳಿಗೆ ವಾರಕ್ಕೆ ಒಂದೇ ಒಂದು, ಬಿಳಿಯದು ದಿನಾ ಒಂದು. ಹಳದಿಯನ್ನು ಅಪ್ಪಿತಪ್ಪಿ ದಿನಾ ತೆಗೆದುಕೊಂಡರೆ ಔಷಧ ಹೋಗಿ ವಿಷವಾಗುತ್ತದೆ, ರಕ್ತವೇ ಸೊರಗುತ್ತದೆ, ಜೀವಕ್ಕೆ ಅಪಾಯ ಎಂದು ತಿರುಗಿಸಿ ತಿರುಗಿಸಿ ಹೇಳಿದರು. ನಾನು ಕೇಳಿಸಿಕೊಂಡೆ. ನಮ್ಮ ಮನೆಯವರು ತಲೆ ಆಡಿಸಿದರು. ತಲೆ ಆಡಿಸುವುದೂ ಕೇಳಿಸಿಕೊಳ್ಳುವುದೂ ಒಂದೇ ಎಂದು ಅವರ ನಂಬಿಕೆ.

ನಾನು ಮನೆಗೆ ಬಂದೆ, ಅವರು ಗುಳಿಗೆ ತರಲು ಕೋಠಿಗೆ ಹೋದರು. ಅಲ್ಲಿ ಅಂಗಡಿಯ ಮುಂದೆಯೇ, ಬಸ್ಸು ಆಟೋಗಳ ಗದ್ದಲದ ನಡುವೆ ನಿಂತು, ಅಕ್ಕನಿಗೆ ಹೇಗೆ ತೆಗೆದುಕೊಳ್ಳಬೇಕೆಂದು ತಮ್ಮ ದನಿಯಲ್ಲೇ ಫೋನಿನಲ್ಲಿ ಮಾತು ತುಂಬಿ ಬಂಡೆಪ್ಪನಿಗೆ ಕಳಿಸಿಬಿಟ್ಟರು.

ಬಂಡೆಪ್ಪ ಯಾರೆಂದು ಹೇಳಬೇಕು. ಹುಲಿಮರಡಿಯ ಟವರಿಗೆ ಬೇಸಿಗೆಯ ಮೊದಲ ಸಿಡಿಲು ಬಡಿದು ಅದರ ಹೊಟ್ಟೆಯೆಲ್ಲ ಸುಟ್ಟುಹೋಗಿತ್ತು. ರಿಪೇರಿಗೆ ಬರುತ್ತೇವೆಂದವರು ಬರುತ್ತಲೇ ಇದ್ದರು. ಗುಡ್ಡದ ನೆತ್ತಿ ಹತ್ತಿದರೆ ಒಂದು ಗೆರೆ ಸಿಗ್ನಲ್ಲು, ಅದೂ ಅದರ ಮನಸ್ಸಿಗೆ ಬಂದರೆ. ಹಾಗಾಗಿ ಊರವರು ತಮ್ಮದೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಬಂಡೆಪ್ಪ ತನ್ನ ಟೆಂಪೊದಲ್ಲಿ ತಾಂಡೂರಿಗೆ ಹಾಲು ಒಯ್ಯುವವನು. ಅವನ ಹತ್ತಿರ ಎರಡು ಫೋನು. ಒಂದು ಅವನದು. ಇನ್ನೊಂದು ಸಿಮ್ಮಿಲ್ಲದ ಹಳೆಯದು, ಅದಕ್ಕೆ ಊರ ಫೋನು ಎಂದು ಹೆಸರು. ಹೈದರಾಬಾದಿನಲ್ಲಿ ಗಾರೆ, ಸೆಂಟ್ರಿಂಗ್ ಕೆಲಸಕ್ಕಿರುವ ಹುಲಿಮರಡಿಯವರೆಲ್ಲ ಮನೆಗೆ ಹೇಳುವುದನ್ನು ಬಂಡೆಪ್ಪನ ಫೋನಿಗೆ ಕಳಿಸುತ್ತಾರೆ. ತಾಂಡೂರಿನಲ್ಲಿ ಅವನ್ನೆಲ್ಲ ಅವನು ಊರ ಫೋನಿಗೆ ದಾಟಿಸಿಕೊಳ್ಳುತ್ತಾನೆ. ಊರಲ್ಲಿ ಆ ಫೋನು ಮನೆಮನೆ ತಿರುಗಿ ಅವರವರ ಮಾತು ಅವರವರಿಗೆ ಕೇಳಿಸುತ್ತದೆ. ಅವರ ಉತ್ತರವೂ ಅದರಲ್ಲೇ ತುಂಬಿಕೊಂಡು ಮರಳಿ ತಾಂಡೂರಿಗೆ ಬರುತ್ತದೆ. ನಿಧಾನ, ಆದರೆ ನಡೆಯುತ್ತಿತ್ತು.

ಸಂಜೆ ನಾನು ಗುಳಿಗೆಗಳನ್ನು ಕಟ್ಟುತ್ತಿದ್ದೆ. ಅಕ್ಕನ ಓಣಿಯ ಚನ್ನು ಇಲ್ಲಿ ಗಾರೆ ಕೆಲಸಕ್ಕಿದ್ದ, ಮರುದಿನ ಊರಿಗೆ ಹೊರಟಿದ್ದ. ಅವನ ಕೈಯಲ್ಲಿ ಕಳಿಸುವುದೆಂದಾಗಿತ್ತು. ನಮ್ಮ ಮನೆಯವರು ಎಷ್ಟು ಚೊಕ್ಕವಾಗಿ ಹೇಳಿದ್ದೇನೆ ಕೇಳು ಎಂದು ತಮ್ಮ ಮಾತನ್ನು ನನಗೆ ಹಾಕಿ ಕೇಳಿಸಿದರು. ಸಮಾಧಾನದ ದನಿ, ರೇಡಿಯೊದಲ್ಲಿ ವಾರ್ತೆ ಓದಿದ ಹಾಗೆ. ಬಿಳಿ ಗುಳಿಗೆ ವಾರಕ್ಕೊಂದು, ಹಳದಿ ಗುಳಿಗೆ ದಿನಾ ಒಂದು, ಮರೆಯಬೇಡ ಅಕ್ಕಾ.

ನನ್ನ ಕೈಯಲ್ಲಿದ್ದ ಪೊಟ್ಟಣ ನೆಲಕ್ಕೆ ಬಿತ್ತು. ಆ ಹೊತ್ತಿಗೆ ನಾನು ಏನೇನಂದೆನೋ ಪಕ್ಕದ ಮನೆಯ ತೆಲುಗಿನವರಿಗೂ ಅರ್ಥವಾಗಿರಬೇಕು, ಅವರು ಬಾಗಿಲು ಹಾಕಿಕೊಂಡರು. ಇವರ ಮುಖ ಹಿಟ್ಟಿನಂತೆ ಬಿಳುಚಿತು. ಆ ಮಾತನ್ನು ಒತ್ತಿ ಹಿಡಿದು, ಎಲ್ಲರಿಗೂ ಅಳಿಸು ಎಂಬುದನ್ನು ಒತ್ತಿದರು. ಅಲ್ಲಿ ಮಾತು ಹೋಗಿ, ಸಂದೇಶ ಅಳಿಸಲಾಗಿದೆ ಎಂದು ಬಂತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಿದ್ದ ಕಾಲ ಮುಗಿಯಿತು, ಆಡಿದ್ದನ್ನೂ ಅಳಿಸಬಹುದು ಎಂದು ನನಗೂ ಒಂದು ಕ್ಷಣ ಅನ್ನಿಸಿತು.

ಆದರೂ ಬಂಡೆಪ್ಪನಿಗೆ ನಾನೇ ಫೋನು ಮಾಡಿದೆ. ಪುಣ್ಯಕ್ಕೆ ಸಿಕ್ಕ. ಟೆಂಪೊದ ಆಕ್ಸಲ್ ಮುರಿದು ತಾಂಡೂರಿನ ಗ್ಯಾರೇಜಿನಲ್ಲಿ ಬಿದ್ದಿದ್ದ, ರಿಪೇರಿಯಾಗಲು ದಿನಗಳೇ ಬೇಕಂತೆ. ಫೋನು ನೋಡಿ ಹೇಳಿದ:

"ಅಳಿಸಿ ಹೋಗೈತ್ರಿ ಅಕ್ಕಾರ. ನನ್ನ ಫೋನಿನ್ಯಾಗ ಏನೂ ಉಳದಿಲ್ಲ. ಅಂಜಬ್ಯಾಡ್ರಿ."

ಅವನು ಸುಳ್ಳು ಹೇಳಲಿಲ್ಲ. ತನ್ನ ಫೋನನ್ನು ನೋಡಿದ್ದ, ಅಷ್ಟೇ. ಮಧ್ಯಾಹ್ನವೇ ರೂಢಿಯಂತೆ ಎಲ್ಲ ಮಾತುಗಳನ್ನೂ ಊರ ಫೋನಿಗೆ ದಾಟಿಸಿದ್ದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಸಿಮ್ಮಿಲ್ಲದ ಫೋನಿಗೆ ಅಳಿಸು ಎಂದು ಹೋಗಿ ಹೇಳುವವರು ಯಾರು?

ಮರುದಿನ ಬೇಗಂಪೇಟೆ ಸ್ಟೇಷನ್ನಿಗೆ ಇಬ್ಬರೂ ಓಡಿದೆವು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ನಮ್ಮ ಮನೆಯವರು ಚನ್ನುವಿನ ಫೋನಿಗೇ ಸರಿಯಾದ ಮಾತು ತುಂಬಿದರು. ಉಸಿರು ಸಿಗುತ್ತಿರಲಿಲ್ಲ, ರೈಲು ಬರುತ್ತಿತ್ತು, ನಾನು ಪಕ್ಕದಿಂದ ಹಳದಿ ಹಳದಿ ಎಂದು ತಿವಿಯುತ್ತಿದ್ದೆ. ಎರಡು ಸಲ ತೊದಲಿ, ನಡುವೆ ಕೆಮ್ಮಿ, ಅಂತೂ ಹೇಳಿದರು. ಚನ್ನು ಊರು ಮುಟ್ಟಿದ ಮೇಲೆ ಗುಡ್ಡ ಹತ್ತಿ ನಮಗೆ ಫೋನು ಮಾಡಿದ, ಗುಳಿಗೆ ಕೊಟ್ಟೆ, ಮಾತು ಕೇಳಿಸಿದೆ, ಅಕ್ಕ ಹೂಂ ಅಂದಳು ಎಂದ. ಆ ದಿನ ನಾನು ಶಾವಿಗೆ ಪಾಯಸ ಮಾಡಿದೆ. ನಮ್ಮ ಮನೆಯವರಿಗೆ ಒಂದು ಬಟ್ಟಲು ಹೆಚ್ಚಿಗೇ ಹಾಕಿದೆ, ಬೈದದ್ದು ಜಾಸ್ತಿಯಾಯಿತು ಎಂದು.

ಆಮೇಲೆ ಬಂಡೆಪ್ಪನ ಟೆಂಪೊ ರಿಪೇರಿಯಾಯಿತು. ಅವನು ಮತ್ತೆ ಊರಿಗೂ ತಾಂಡೂರಿಗೂ ತಿರುಗತೊಡಗಿದ. ಹಾಗೇ ಕೆಲವು ದಿನ ಕಳೆದು ಒಂದು ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಬಂದವರು, ಅಕ್ಕನ ಮಾತು ಬಂದಿದೆ ಎಂದು ಖುಷಿಯಿಂದ ಫೋನು ತಾಟಿನ ಪಕ್ಕ ಇಟ್ಟರು. ಗಿರಣಿಯ ಪಟ್ಟಿಯ ಸದ್ದಿನ ಮೇಲೆ ಅಕ್ಕನ ದನಿ.

"ತಮ್ಮಾ, ನಿನ್ನ ಮಾತು ಮುಟ್ಟೇತಿ. ಮೊದಲ ಚನ್ನೂನ ಕೈಲೆ ಒಂದು ಹೇಳಿ ಕಳಿಸಿದ್ದಿ, ಆಮ್ಯಾಲ ಬಂಡೆಪ್ಪನ ಕೈಲೆ ಬದಲಿ ಮಾಡಿ ಹೇಳೀದಿ. ಆತು, ಹಂಗ ಮಾಡಾಕತ್ತೀನಿ. ಹಳದೀದು ದಿನಾ ತಗೊಳ್ಳಾಕತ್ತೀನಿ. ಬಾಯಾಗ ಒಂದೀಟು ಹುಣ್ಣ ಆಗ್ಯಾವ, ಅದಕ್ಕೇನರ ಇದ್ರ ಹೇಳು."

ತುತ್ತು ಅವರ ಕೈಯಲ್ಲೇ ಉಳಿಯಿತು. ಈ ಮಾತನ್ನು ಅಕ್ಕ ಯಾವಾಗ ಆಡಿದ್ದು? ನಿನ್ನೆಯೋ, ಮೂರು ದಿನದ ಹಿಂದೋ? ಊರ ಫೋನು ಓಣಿ ಓಣಿ ಸುತ್ತಿ, ತಾಂಡೂರು ಮುಟ್ಟಿ, ಬಂಡೆಪ್ಪನಿಗೆ ಪುರುಸೊತ್ತಾಗಿ ನಮಗೆ ಬರುವಷ್ಟರಲ್ಲಿ ಅವಳು ಇನ್ನೆಷ್ಟು ನುಂಗಿದ್ದಾಳೆ? ಇವತ್ತು ನುಂಗಿದಳೇ? ಚುರುಕಿನ ಮನುಷ್ಯ ಗುಳಿಗೆಯನ್ನೂ ಒಮ್ಮೆಲೇ ತಿಂಗಳುಗಟ್ಟಲೆ ಸಾಲುವಷ್ಟು ತಂದಿದ್ದರು, ತೀರಿ ನಿಲ್ಲುತ್ತದೆ ಎಂಬ ಆಸೆಯೂ ಇರಲಿಲ್ಲ.

ನಾಂಪಲ್ಲಿಯ ಡಾಕ್ಟರಿಗೆ ಫೋನು ಮಾಡಿದೆವು. ಹುಣ್ಣು ಅಂದರೆ ವಿಷ ಏರುತ್ತಿದೆ ಎಂದೇ ಅರ್ಥ, ಮೊದಲು ಗುಳಿಗೆ ನಿಲ್ಲಿಸಿ, ಜ್ವರ ಬರುವ ಮೊದಲು ಆಸ್ಪತ್ರೆಗೆ ಸೇರಿಸಿ ಎಂದರು. ನಿಲ್ಲಿಸುವುದು ಹೇಗೆ? ಬಂಡೆಪ್ಪ ಆಗಲೇ ಊರ ದಾರಿ ಹಿಡಿದು ವ್ಯಾಪ್ತಿ ಪ್ರದೇಶದ ಹೊರಗಿದ್ದ. ಚನ್ನು ಹೊರಗಿದ್ದ. ಅಕ್ಕ ಹೊರಗಿದ್ದಳು. ಇಡೀ ಹುಲಿಮರಡಿಯೇ ಒಂದು ಹೆಂಗಸಿನ ದನಿಯ ಹಿಂದೆ ಬಾಗಿಲು ಹಾಕಿಕೊಂಡು ಕೂತಿತ್ತು, ಆ ದನಿ ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಅದೇ ಮಾತು ಹೇಳುತ್ತಿತ್ತು.

ನಮ್ಮ ಮನೆಯವರು ಹುಚ್ಚು ಹಿಡಿದವರಂತೆ ಮಾತು ತುಂಬಿ ತುಂಬಿ ಕಳಿಸತೊಡಗಿದರು. ಬಂಡೆಪ್ಪನಿಗೆ, ಚನ್ನುವಿಗೆ, ಆ ಕಡೆ ಹೋಗುವ ಯಾರ್ಯಾರಿಗೋ. ಎಲ್ಲದಕ್ಕೂ ಒಂದೇ ಗೀಟು, ಹೋಗಿದೆ, ಮುಟ್ಟಿಲ್ಲ. ಎರಡನೇ ಗೀಟು ಮೂಡುತ್ತದೆಯೇ ಎಂದು ನೋಡುತ್ತ ಕೂತವರ ಕಣ್ಣು ನನಗೆ ನೋಡಲಾಗಲಿಲ್ಲ. ನಾನು ಫೋನು ಕಸಿದುಕೊಂಡೆ. ಆಕೆ ಈಗಾಗಲೇ ಎರಡು ಮಾತು ಕೇಳಿದ್ದಾಳೆ, ಒಂದು ಇನ್ನೊಂದಕ್ಕೆ ತಿರುಗಾಮುರುಗ. ಈಗ ನೀವು ಮೂರನೆಯದು, ನಾಲ್ಕನೆಯದು ಕಳಿಸಿದರೆ ಯಾವುದು ಯಾವ ಟೆಂಪೊದಲ್ಲಿ, ಯಾರ ಜೇಬಿನಲ್ಲಿ, ಯಾವತ್ತು ಹೋಗಿ ಮುಟ್ಟುತ್ತದೋ, ಯಾವುದನ್ನು ನಂಬಬೇಕು ಆಕೆ ಎಂದು ಕೇಳಿದೆ. ನಾನೇ ಹೋಗುತ್ತೇನೆಂದೆ. ತಾವೂ ಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ಅಕ್ಕನಿಗೋ ಚನ್ನುವಿಗೋ ದೇವರು ಬುದ್ಧಿ ಕೊಟ್ಟು ಗುಡ್ಡ ಹತ್ತಿಸಿದರೆ ಇಲ್ಲಿ ಎತ್ತುವವರು ಬೇಡವೇ, ಡಾಕ್ಟರನ್ನು ಹಿಡಿಯುವವರು ಬೇಡವೇ, ಒಬ್ಬರಾದರೂ ಸಿಗ್ನಲ್ಲಿರುವ ಕಡೆ ಇರಬೇಕು ಎಂದು ಕೂರಿಸಿ ಹೊರಟೆ.

ಬೇಗಂಪೇಟೆಯಲ್ಲಿ ರೈಲು ಹತ್ತಿದ್ದು ನೆನಪಿದೆ. ವಿಕಾರಾಬಾದ್ ದಾಟಿದ ಮೇಲೆ ಸಿಗ್ನಲ್ಲು ಬರುತ್ತ ಹೋಗುತ್ತ ಇತ್ತು, ಬಂದಾಗಲೆಲ್ಲ ಅವರ ಒಂದೊಂದು ಮಾತು ಬಂದು ಬೀಳುತ್ತಿತ್ತು. ಏನಾದರೂ ಗೊತ್ತಾಯಿತೇ? ಎಲ್ಲಿದ್ದೀ? ಏನಾದರೂ ಗೊತ್ತಾಯಿತೇ? ನಾನು ಉತ್ತರ ಕೊಟ್ಟರೆ ಅದು ಗಡಿಯಾರದ ಗುರುತು ತೋರಿಸಿಕೊಂಡು ನನ್ನ ಫೋನಿನಲ್ಲೇ ನಿಲ್ಲುತ್ತಿತ್ತು. ಕಿಟಕಿ ಪಕ್ಕದ ಹೆಂಗಸು ಸೀತಾಫಲ ಕೊಡಲು ಬಂದರೆ ಬೇಡವೆಂದು ಕೈ ಆಡಿಸಿದೆ.

ತಾಂಡೂರಿನಲ್ಲಿ ಒಂದು ಜೀಪು ಹಿಡಿದೆ. ಹುಲಿಮರಡಿ ಮುಟ್ಟಿದಾಗ ಸೂರ್ಯ ಇಳಿಯುತ್ತಿದ್ದ. ಗಿರಣಿಯ ಸದ್ದು ಕೇಳಿಸಿತು. ಗಿರಣಿ ನಡೆಯುತ್ತಿದೆ ಎಂದರೆ ಅಕ್ಕ ಇದ್ದಾಳೆ ಎಂದು ನನ್ನ ಕಾಲಿಗೆ ಬಲ ಬಂತು.

ಇದ್ದಳು. ಬಾಯಿಗೆ ಸೆರಗು ಕಟ್ಟಿಕೊಂಡು, ಗೋಡೆಗೆ ಒರಗಿ ನಿಂತು, ಯಾರದೋ ಜೋಳ ಬೀಸುತ್ತಿದ್ದಳು. ನನ್ನನ್ನು ನೋಡಿ ಕಣ್ಣು ಅರಳಿಸಿದಳು, ಮಾತು ಬರಲಿಲ್ಲ. ನಾನು ಹೋಗಿ ಸೆರಗು ಸರಿಸಿದೆ. ತುಟಿ ಬಿರಿದು ರಕ್ತ ಹೆಪ್ಪುಗಟ್ಟಿತ್ತು, ನಾಲಿಗೆ ಬೆಳ್ಳಗೆ ಸುಲಿದಿತ್ತು. ಕೈ ಮುಟ್ಟಿದರೆ ಕಾದ ಹಂಚು. ಎರಡು ದಿನದಿಂದ ಗಂಜಿ ನೀರೇ ಊಟವಂತೆ. ಗುಳಿಗೆ ಇವತ್ತೂ ತಪ್ಪಿಸಿರಲಿಲ್ಲ.

ಗಿರಣಿ ಬಂದ್ ಮಾಡಿದೆ. ಸದ್ದು ನಿಂತ ಕೂಡಲೇ ನನಗೆ ಅಳು ಬಂತು.

"ಬಾಯಿ ಹಿಂಗಾದ್ರೂ ಯಾಕ ತಗೊಂಡ್ರಿ ಅಕ್ಕಾ? ಚನ್ನು ಸರಿ ಹೇಳಿದ್ದನಲ್ಲ."

ಅಕ್ಕ ಒಂದೊಂದೇ ಮಾತು ಕಷ್ಟಪಟ್ಟು ಹೊರಗೆ ತಂದಳು.

"ಎರಡೂ ಕೇಳಿದೆ ನೋಡವಾ. ಚನ್ನೂನ ಫೋನಿನ್ಯಾಗ ತಮ್ಮ ಅಂಜಿಕೊಂಡು ತೊದಲಾಕತ್ತಿದ್ದ. ಬಂಡೆಪ್ಪ ತಂದದ್ರಾಗ ಭಾಳ ಸಮಾಧಾನ ಇದ್ದ. ವಿಚಾರ ಮಾಡಿ ಹೇಳ್ಯಾನ ಅಂತ ತಿಳಕೊಂಡೆ. ಅದೂ ಕಡೀಕ ಬಂದದ್ದು."

ತಪ್ಪು ಹೇಳುವಾಗ ತಪ್ಪೆಂದು ತಿಳಿಯದ ಮನುಷ್ಯನ ಸಮಾಧಾನ ಅದು. ಸರಿ ಹೇಳುವಾಗ ಆಗಲೇ ಭಯ ಹೊಕ್ಕಿತ್ತು. ಬೇರೆಯವರಾಗಿದ್ದರೆ ಮಾತನ್ನು ಅಳೆಯುತ್ತಿದ್ದರು. ಎತ್ತಿ ಆಡಿಸಿದ ತಮ್ಮನಾದ್ದರಿಂದ ಅಕ್ಕ ದನಿಯನ್ನು ಅಳೆದಿದ್ದಳು. ಈ ಮಾತನ್ನು ಅವರಿಗೆ ಎಂದೂ ಹೇಳಬಾರದು ಎಂದುಕೊಂಡೆ.

ಬಂಡೆಪ್ಪ ಕೇಳಿದವನೇ ಹಾಲಿನ ಕ್ಯಾನುಗಳನ್ನೆಲ್ಲ ಕೆಳಗಿಳಿಸಿ, ಟೆಂಪೊದಲ್ಲಿ ಕೌದಿ ಹಾಸಿದ. ತಾಂಡೂರಿನ ದೊಡ್ಡ ಆಸ್ಪತ್ರೆಯವರೆಗೆ ಎಲ್ಲೂ ನಿಲ್ಲಿಸದೆ ಓಡಿಸಿದ. ಇಳಿಸಿದ ಮೇಲೆ ಊರ ಫೋನನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟು, ನೀವೇ ಅಳಿಸಿಬಿಡಿ, ನನಗೆ ಅದನ್ನು ಮುಟ್ಟಲು ಭಯವಾಗುತ್ತದೆ ಎಂದ. ಆ ತಪ್ಪು ಮಾತನ್ನು ನಾನು ಹುಡುಕಿ ಅಳಿಸಿದೆ. ಗದಿಗೆಮ್ಮನ ಮನೆ ಎಂದು ಹೆಸರಿಟ್ಟ ಜಾಗದಲ್ಲಿ ಅದು ಹಾಯಾಗಿ ಕೂತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ರಕ್ತ ನೋಡಿ ಮುಖ ಗಂಟಿಕ್ಕಿದರು. ರಕ್ತದ ಬಿಳಿ ಕಣ ಬಹಳ ಇಳಿದಿದೆ, ಈ ವಿಷ ಇಳಿಸುವ ಇಂಜೆಕ್ಷನ್ ಶುರು ಮಾಡಿದ್ದೇನೆ, ಆದರೆ ಇಲ್ಲಿರುವುದು ಸಾಲುವುದಿಲ್ಲ, ಹೈದರಾಬಾದಿನಿಂದ ತರಿಸಿ ಎಂದರು. ಉಳಿಯುತ್ತಾಳೆಯೇ ಎಂದು ಕೇಳಿದ್ದಕ್ಕೆ, ಕಣ ಏರಲು ಶುರುವಾದರೆ ಉಳಿಯುತ್ತಾರೆ ಎಂದರು. ಏರದಿದ್ದರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ತಾಂಡೂರಿನಲ್ಲಿ ಸಿಗ್ನಲ್ಲು ಚೆನ್ನಾಗಿತ್ತು. ಆದರೂ ಫೋನು ಮಾಡಿದರೆ ಅವರು ಪ್ರಶ್ನೆ ಕೇಳುತ್ತಾರೆ, ನಾನು ಒಡೆದುಹೋಗುತ್ತೇನೆ ಎಂದು ಮಾತು ತುಂಬಿ ಕಳಿಸುವುದೆಂದುಕೊಂಡೆ. ನೀರು ಕುಡಿದು, ಮುಖ ತೊಳೆದು, ನನ್ನ ಜೀವಮಾನದಲ್ಲೇ ಆಡಿರದಷ್ಟು ನಯವಾಗಿ ಹೇಳಿದೆ. ಅಕ್ಕ ಆರಾಮ ಇದ್ದಾರೆ, ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡುತ್ತಿದ್ದಾರೆ, ಒಂದು ಇಂಜೆಕ್ಷನ್ ಬೇಕಂತೆ, ಹೆಸರು ಬರೆದು ಕಳಿಸಿದ್ದೇನೆ, ಕೋಠಿಯಲ್ಲಿ ಸಿಗುತ್ತದೆ, ಯಾರ ಕೈಲಾದರೂ ಕಳಿಸಿ, ನೀವೇನೂ ಗಾಬರಿಯಾಗಬೇಡಿ. ಎರಡು ಗೀಟು ಬಿದ್ದವು, ಕೂಡಲೇ ನೀಲಿಯಾದವು.

ಉತ್ತರ ಬರವಣಿಗೆಯಲ್ಲಿ ಬಂತು. "ನೀ ಬೈಲಿಲ್ಲ. ನಂಗ ಕೈಕಾಲು ಬಿದ್ದು ಹೋಗ್ಯಾವ. ನಾನ ಇಂಜೆಕ್ಷನ್ ತಗೊಂಡು ಬರ್ತೀನಿ."

ಬೆಳಗಿನ ರೈಲಿಗೆ ಬಂದರು. ಇಂಜೆಕ್ಷನ್ನಿನ ಡಬ್ಬಿಯನ್ನು ಐಸಿನ ಜೊತೆ ಎದೆಗವಚಿಕೊಂಡು, ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಬಂದಿದ್ದರು. ಡಬ್ಬಿಯ ಮೇಲಿನ ಹೆಸರನ್ನು ಡಾಕ್ಟರಮ್ಮನಿಗೆ ಒಮ್ಮೆ ಓದಿ ಹೇಳಿದರು, ಮತ್ತೆ ಒಮ್ಮೆ ಓದಿ ಹೇಳಿದರು, ಇದೇ ಹೌದಲ್ಲವೇ ಎಂದು ನರ್ಸಿನ ಹತ್ತಿರವೂ ಕೇಳಿದರು. ಆಮೇಲೆ ಅಕ್ಕನ ಕಾಲ ಬಳಿ ಕೂತವರು ತಲೆ ಎತ್ತಲಿಲ್ಲ. ಅಕ್ಕ ನಿದ್ದೆಯಲ್ಲಿದ್ದಳೋ ಎಚ್ಚರವಿದ್ದಳೋ ತಿಳಿಯುತ್ತಿರಲಿಲ್ಲ. ನಾನು ಏನೂ ಅನ್ನಲಿಲ್ಲ. ಊಟ ತಂದುಕೊಟ್ಟೆ, ಅವರು ತಿನ್ನಲಿಲ್ಲ, ತಟ್ಟೆ ತೆಗೆದಿಟ್ಟೆ. ಹಾಗೇ ಒಂದು ದಿನ ಹೋಯಿತು, ಇನ್ನೊಂದು ದಿನವೂ ಹೋಯಿತು. ಪ್ರತಿಸಲ ರಕ್ತ ತೆಗೆದುಕೊಂಡು ಹೋದಾಗಲೂ ನಾವಿಬ್ಬರೂ ಬಾಗಿಲ ಕಡೆ ನೋಡುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆಮೇಲಿನ ಮಧ್ಯಾಹ್ನ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಕಣ ಏರುತ್ತಿದೆ, ಸ್ವಲ್ಪವೇ, ಆದರೆ ಏರುತ್ತಿದೆ ಎಂದರು. ಇನ್ನು ಪರವಾಲೇದು ಅಮ್ಮಾ ಎಂದು ತೆಲುಗಿನಲ್ಲಿ ಧೈರ್ಯ ಹೇಳಿ ಬೆನ್ನು ತಟ್ಟಿದರು.

ಒಳಗೆ ಬಂದರೆ ನಮ್ಮ ಮನೆಯವರು ಇನ್ನೂ ಹಾಗೇ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಗಡ್ಡ ಬೆಳೆದಿತ್ತು, ತಟ್ಟೆಯಲ್ಲಿ ಅನ್ನ ಒಣಗಿತ್ತು. ನನಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಉಕ್ಕಿತು. ಹಳದಿಗೂ ಬಿಳಿಗೂ ವ್ಯತ್ಯಾಸ ಗೊತ್ತಿಲ್ಲದ ಮನುಷ್ಯನಿಗೆ ಹೆಣ್ಣು ಕೊಟ್ಟ ನನ್ನ ಅಪ್ಪನಿಂದ ಶುರು ಮಾಡಿ, ಕೋಠಿಯ ಬೀದಿಯಲ್ಲಿ ನಿಂತು ವಾರ್ತೆ ಓದಿದ್ದರವರೆಗೆ, ಈಗ ಉಪವಾಸ ಬಿದ್ದು ಇನ್ನೊಂದು ಮಂಚ ಹಿಡಿಯುತ್ತೀರಾ ಎಂಬಲ್ಲಿಯವರೆಗೆ, ವಾರ್ಡಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಬೈದೆ. ನರ್ಸು ಓಡಿ ಬಂದು ಬಾಯಿ ಮುಚ್ಚುವಂತೆ ಸನ್ನೆ ಮಾಡಿದಳು. ನಾನು ನಿಲ್ಲಿಸಲಿಲ್ಲ.

ಅಕ್ಕ ಕಣ್ಣು ತೆರೆದಳು. ಬಿರಿದ ತುಟಿಯನ್ನು ನಿಧಾನಕ್ಕೆ ಆಡಿಸಿ, ತಮ್ಮನ ಕಡೆ ಕೈ ಚಾಚಿದಳು.

"ಏಳೋ ತಮ್ಮಾ, ಉಣ್ಣು. ಆಕಿ ಬೈಯಾಕತ್ತಾಳಂದ್ರ ನಾ ಉಳದೀನಿ."